ಪರಮಪ್ರಸಾದದ ಸಾಲಿಗೆ ಮರಳಿ

ಈ ಬರಹಕ್ಕೆ ಒಪ್ಪಿಗೆ ಕೊಟ್ಟವಳ ಹೆಸರು, ಊರು, ಅವಳು ಕೆಲಸ ಮಾಡುವ ಕಾರ್ಖಾನೆ ಯಾವುದನ್ನೂ ನಾನಿಲ್ಲಿ ಹೇಳುವುದಿಲ್ಲ. ಕೆಲವು ವಿವರಗಳನ್ನು ಅವಳೇ ಓದಿ ತೆಗೆಸಿದ್ದಾಳೆ. "ಉಳಿದದ್ದನ್ನು ಬರೆಯಿರಿ ಅಕ್ಕಾ, ನನ್ನ ಹಾಗೆ ಗುಡಿಯ ಹೊರಗೇ ನಿಂತು ಹಿಂದಿರುಗುವವರು ಇನ್ನೂ ಇರುತ್ತಾರೆ" ಎಂದಳು. ಅದಕ್ಕಾಗಿ ಬರೆಯುತ್ತಿದ್ದೇನೆ.

ನಾನು ಬೆಂಗಳೂರಿನ ಉತ್ತರ ಭಾಗದ ಒಂದು ಕಥೋಲಿಕ ಧರ್ಮಕೇಂದ್ರಕ್ಕೆ ಸೇರಿದವಳು. ಭಾನುವಾರ ಪೂಜೆ ಮುಗಿದ ಮೇಲೆ ಮಕ್ಕಳಿಗೆ ಧರ್ಮೋಪದೇಶ ಹೇಳಿಕೊಡುತ್ತೇನೆ. ತಾಯಿಯ ಗರ್ಭದಲ್ಲಿ ಮೂಡಿದ ಜೀವ ದೇವರದು, ಅದನ್ನು ತೆಗೆಯುವ ಹಕ್ಕು ಮನುಷ್ಯರಿಗಿಲ್ಲ ಎಂದು ನಂಬಿದವಳು. ಇಂದಿಗೂ ಹಾಗೆಯೇ ನಂಬುತ್ತೇನೆ. ಇದನ್ನು ಮೊದಲೇ ಹೇಳಲು ಕಾರಣವಿದೆ. ಗರ್ಭಪಾತ ಮಾಡಿಸಿಕೊಂಡ ಹೆಣ್ಣಿನ ಪಕ್ಕದಲ್ಲಿ ಯಾರಾದರೂ ನಿಂತರೆ ಅವರ ವಿಶ್ವಾಸವೇ ಸಡಿಲವಾಗಿದೆ ಎಂದು ತೀರ್ಮಾನಿಸುವವರು ನಮ್ಮಲ್ಲಿ ಬಹಳ ಜನ. ನನ್ನ ವಿಶ್ವಾಸ ಸಡಿಲವಾಗಿರಲಿಲ್ಲ. ಅವಳ ಮನೆಗೆ ನನ್ನನ್ನು ಕಳುಹಿಸಿದ್ದೇ ಆ ವಿಶ್ವಾಸ.

ಅವಳು ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಕೆಲಸ ಮಾಡುತ್ತಾಳೆ. ಗಂಡ ಬಾಡಿಗೆಯ ಗೂಡ್ಸ್ ಆಟೋ ಓಡಿಸುತ್ತಾನೆ. ಇಬ್ಬರು ಹೆಣ್ಣುಮಕ್ಕಳು. ಎರಡನೆಯವಳು ಹುಟ್ಟಿದ ಮೇಲೆ ಕಾಪರ್-ಟಿ ಹಾಕಿಸಿಕೊಂಡಿದ್ದಳು. ಅದು ಯಾವಾಗ ಜಾರಿತೋ ತಿಳಿಯಲಿಲ್ಲ, ಮುಟ್ಟು ನಿಂತಿತು. ಮನೆಯಲ್ಲಿ ಸಂಘದ ಸಾಲದ ಕಂತು, ಮಕ್ಕಳ ಶಾಲೆಯ ಶುಲ್ಕ. "ಮೂರನೆಯದೂ ಹೆಣ್ಣಾದರೆ ಏನು ಮಾಡುತ್ತೀಯೆ?" ಎಂದು ಅತ್ತೆ ದಿನಕ್ಕೆ ನಾಲ್ಕು ಸಲ ಕೇಳುತ್ತಿದ್ದರಂತೆ. ಗಂಡ ಜಗಳವಾಡಲಿಲ್ಲ. ಒಂದು ಸಂಜೆ ಆಟೋ ನಿಲ್ಲಿಸಿ, "ನಡೆ, ಡಾಕ್ಟರ ಹತ್ತಿರ ಮಾತಾಡಿಯಾಗಿದೆ" ಎಂದನಂತೆ. ಅವಳು ಹೋದಳು. ಬೇಡ ಎನ್ನುವುದಕ್ಕೆ ಬಾಯಿ ಬರಲಿಲ್ಲ ಎನ್ನುತ್ತಾಳೆ. ಮಗು ಬೇಕು ಎನ್ನುವ ಧೈರ್ಯವೂ ಆಗ ಅವಳಲ್ಲಿರಲಿಲ್ಲ ಎಂಬುದನ್ನೂ ಅವಳೇ ಹೇಳಿದ್ದಾಳೆ. ಈ ಎರಡನೆಯ ಮಾತನ್ನು ಬಿಡಬೇಡಿ ಎಂದಿದ್ದಾಳೆ.

ಕಾನೂನಿನ ಪ್ರಕಾರ ಅಲ್ಲಿ ಯಾವ ತಪ್ಪೂ ನಡೆದಿರಲಿಲ್ಲ. 1971ರ ವೈದ್ಯಕೀಯ ಗರ್ಭಪಾತ ಕಾಯ್ದೆಯಲ್ಲಿ ಗರ್ಭನಿರೋಧಕ ವಿಫಲವಾದದ್ದೂ ಒಂದು ಕಾರಣ. ಒಂಬತ್ತು ವಾರದೊಳಗೆ ಮಾತ್ರೆಯಿಂದ ಆಗುವ ಕೆಲಸ. ವೈದ್ಯರು ಮಾತ್ರೆ ಕೊಟ್ಟು, ಎರಡು ವಾರ ಬಿಟ್ಟು ತಪ್ಪದೆ ತೋರಿಸಬೇಕು ಎಂದಿದ್ದರು. ಅವಳು ತೋರಿಸಲಿಲ್ಲ. ರಜೆ ಹಾಕಿದರೆ ಹಾಜರಾತಿ ಬೋನಸ್ ಹೋಗುತ್ತಿತ್ತು. ರಕ್ತಸ್ರಾವ ನಿಲ್ಲದಿದ್ದರೂ ಬಟ್ಟೆಯ ಮೇಲೆ ಬಟ್ಟೆ ಇಟ್ಟುಕೊಂಡು ಮಷಿನ್ ಮುಂದೆ ಕುಳಿತಳು. ಜ್ವರ ಬಂದ ರಾತ್ರಿ ನನಗೆ ಫೋನ್ ಮಾಡಿದಳು. ಅವಳ ಹಿರಿಯ ಮಗಳು ನನ್ನ ತರಗತಿಯಲ್ಲಿದ್ದಾಳೆ, ನನ್ನ ನಂಬರ್ ಅವಳಲ್ಲಿದ್ದದ್ದು ಅಷ್ಟರಿಂದ. ಗಂಡ ಬಾಡಿಗೆಗೆ ಹೊಸೂರಿನ ಕಡೆ ಹೋಗಿದ್ದ.

ಆ ರಾತ್ರಿಯ ಆಸ್ಪತ್ರೆಯ ಬಗ್ಗೆ ಹೆಚ್ಚು ಬರೆಯಲು ಮನಸ್ಸಿಲ್ಲ. ಗರ್ಭ ಪೂರ್ತಿ ಹೋಗಿರಲಿಲ್ಲ, ಒಳಗೆ ಸೋಂಕಾಗಿತ್ತು. ಸ್ಕ್ಯಾನಿಂಗ್ ಮಾಡಿ, ರಕ್ತ ಪರೀಕ್ಷಿಸಿ, ಒಳಗೆ ಉಳಿದದ್ದನ್ನು ತೆಗೆದರು. ವೈದ್ಯೆ ಒಳ್ಳೆಯವರು, ಕೈ ಚುರುಕು, ಮಾತು ಕಡಿಮೆ. ಆದರೆ ವಾರ್ಡಿನಲ್ಲಿದ್ದ ಒಬ್ಬರು, ನಮ್ಮದೇ ಸಮುದಾಯದವರು, ಅವಳ ಕೊರಳಿನ ಸರವನ್ನು ನೋಡಿ, "ಶಿಲುಬೆ ಹಾಕಿಕೊಂಡು ಮಾಡುವ ಕೆಲಸವೇ ಇದು?" ಎಂದರು. ಜ್ವರದಲ್ಲಿ ನಡುಗುತ್ತಿದ್ದವಳು ಏನೂ ಹೇಳದೆ ಸರವನ್ನು ಬಿಚ್ಚಿ ನನ್ನ ಕೈಗೆ ಕೊಟ್ಟಳು. ನಾನು ಅದನ್ನು ಅಲ್ಲೇ, ಅವರ ಎದುರಿಗೇ, ಮತ್ತೆ ಅವಳ ಕೊರಳಿಗೆ ಹಾಕಿದೆ. ಅದನ್ನು ತೆಗೆಸುವ ಅಧಿಕಾರ ಯಾರಿಗೂ ಇಲ್ಲ ಎಂದು ಹೇಳಿದೆ. ಆ ಮಾತನ್ನು ಜೋರಾಗಿಯೇ ಹೇಳಿದೆ.

ಆಮೇಲೆ ಇನ್ನೊಂದು ಗೋಳು. ಗಂಡನ ಸಹಿ ಬೇಕು ಎಂದು ಕಾಗದ ಹಿಡಿದು ನಿಂತರು. ಹದಿನೆಂಟು ತುಂಬಿದ ಹೆಣ್ಣಿಗೆ ತನ್ನ ಒಪ್ಪಿಗೆಯೊಂದೇ ಸಾಕು. ಗರ್ಭಪಾತದ ಕಾಯ್ದೆಯೇ ಹಾಗೆ ಹೇಳುತ್ತದೆ. ಗಂಡ, ಅತ್ತೆ, ತಂದೆ ಯಾರ ಸಹಿಯನ್ನೂ ಅದು ಕೇಳುವುದಿಲ್ಲ. 2021ರ ತಿದ್ದುಪಡಿಯಿಂದ ಇನ್ನೊಂದು ರಕ್ಷಣೆಯೂ ಸಿಕ್ಕಿದೆ: ಗರ್ಭಪಾತ ಮಾಡಿಸಿಕೊಂಡವಳ ಹೆಸರನ್ನೋ ಗುರುತನ್ನೋ ಕಾನೂನು ಅನುಮತಿಸದವರಿಗೆ ತಿಳಿಸಿದ ವೈದ್ಯರಿಗೆ ಒಂದು ವರ್ಷದವರೆಗೆ ಸೆರೆ, ಇಲ್ಲವೇ ದಂಡ, ಇಲ್ಲವೇ ಎರಡೂ. ದೇಶದ ಕಾನೂನು ಇಷ್ಟು ಎಚ್ಚರದಿಂದ ಕಾಪಾಡುವ ಗುಟ್ಟನ್ನು ನಮ್ಮ ಧರ್ಮಕೇಂದ್ರದ ವಾರ್ಡಿನ ಪ್ರಾರ್ಥನಾ ಕೂಟ ಒಂದೇ ವಾರದಲ್ಲಿ ಮನೆ ಮನೆಗೆ ಹಂಚಿತು. ಬರೆಯುವಾಗ ಈಗಲೂ ಸಿಟ್ಟು ಬರುತ್ತದೆ.

ಮೈ ವಾಸಿಯಾಗಲು ವಿಶ್ರಾಂತಿ ಬೇಕಿತ್ತು. ಇಲ್ಲಿ ಒಂದು ವಿಷಯವನ್ನು ಎಲ್ಲ ಹೆಣ್ಣುಮಕ್ಕಳೂ ತಿಳಿದಿರಲಿ ಎಂಬುದು ನನ್ನ ಆಸೆ. ಹೆರಿಗೆ ರಜೆಯ ಬಗ್ಗೆ ಎಲ್ಲರಿಗೂ ಗೊತ್ತು. ಆದರೆ ಗರ್ಭ ತಾನಾಗಿ ಹೋದರೂ, ವೈದ್ಯರಿಂದ ತೆಗೆಸಿಕೊಂಡರೂ, ಆರು ವಾರ ಸಂಬಳದ ರಜೆ ಕೊಡಬೇಕೆಂದು 1961ರ ಹೆರಿಗೆ ಸೌಲಭ್ಯ ಕಾಯ್ದೆಯ 9ನೆಯ ಕಲಮಿನಲ್ಲಿತ್ತು; 2025ರ ನವೆಂಬರ್‌ನಿಂದ ಅದರ ಬದಲಿಗೆ ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಇದೆ. ಇಎಸ್‌ಐಗೆ ಸೇರಿದವರಿಗೂ ಆರು ವಾರದ ಭತ್ಯೆ ಉಂಟು. ಅವಳ ಲೈನಿನಲ್ಲಿದ್ದ ಯಾರಿಗೂ ಇದು ಗೊತ್ತಿರಲಿಲ್ಲ. ಆಸ್ಪತ್ರೆಯ ಡಿಸ್ಚಾರ್ಜ್ ಕಾಗದ ಹಿಡಿದು ಓಡಾಡಿದ ಮೇಲೆ ಹಣ ಬಂತು. ಈ ರಜೆಯ ವಿಷಯ ಆ ಮೊದಲ ದಿನಗಳಲ್ಲೇ ತಿಳಿದಿದ್ದರೆ ಅವಳು ಜ್ವರ ಬರುವವರೆಗೆ ಮಷಿನ್ ಮುಂದೆ ಕೂರುತ್ತಿರಲಿಲ್ಲ.

ಮೈಗೆ ಆದದ್ದು ಕೆಲವು ವಾರಗಳಲ್ಲಿ ಸರಿಹೋಯಿತು. ಹೆಚ್ಚು ಕಾಲ ಹಿಡಿದದ್ದು ಅದಾದ ಮೇಲಿನ ಹಾದಿ.

ಭಾನುವಾರ ಅವಳು ಮಕ್ಕಳನ್ನು ಕರೆದುಕೊಂಡು ಗುಡಿಗೆ ಬರುತ್ತಿದ್ದಳು, ಒಳಗೆ ಬರುತ್ತಿರಲಿಲ್ಲ. ಮಕ್ಕಳನ್ನು ಒಳಗೆ ಕಳುಹಿಸಿ ಚಪ್ಪಲಿ ಬಿಡುವ ಕಡೆ ನಿಲ್ಲುತ್ತಿದ್ದಳು. ಕೇಳಿದೆ. ನಮ್ಮ ವಾರ್ಡಿನ ಹಿರಿಯ ಹೆಂಗಸೊಬ್ಬರು ಮನೆಗೇ ಬಂದು, "ನೀನು ಬಹಿಷ್ಕೃತಳು. ಬಿಷಪ್ಪರೇ ಕ್ಷಮಿಸಬೇಕು. ಅಲ್ಲಿಯವರೆಗೆ ಪೀಠದ ಹತ್ತಿರ ಸುಳಿಯಬೇಡ" ಎಂದು ಹೇಳಿಹೋಗಿದ್ದರು. ಆ ಹಿರಿಯರು ಕೆಟ್ಟವರಲ್ಲ. ತಾವು ಚಿಕ್ಕವರಿದ್ದಾಗ ಕೇಳಿದ್ದನ್ನೇ ಹೇಳಿದ್ದರು. ಆದರೆ ಅವರು ಹೇಳಿದ್ದು ಸರಿಯೇ ಎಂದು ನನಗೆ ಖಚಿತವಾಗಬೇಕಿತ್ತು. ನಮ್ಮ ಗುರುಗಳ ಕಚೇರಿಗೆ ಹೋಗಿ, ಯಾರ ಹೆಸರನ್ನೂ ಎತ್ತದೆ, ಧರ್ಮಸಭೆಯ, ಎಂದರೆ ಕಥೋಲಿಕ ಚರ್ಚಿನ, ಕಾನೂನು ನಿಜವಾಗಿ ಏನು ಹೇಳುತ್ತದೆ ಎಂದು ಕೇಳಿದೆ.

ಅವರು ಪುಸ್ತಕ ತೆರೆದು ತೋರಿಸಿದರು. 1983ರ ಧರ್ಮಸಭೆಯ ಕಾನೂನು ಸಂಹಿತೆಯಲ್ಲಿ 1398ನೆಯ ವಿಧಿಯಾಗಿದ್ದದ್ದು, 2021ರ ಡಿಸೆಂಬರ್ 8ರಿಂದ ಜಾರಿಗೆ ಬಂದ ಪರಿಷ್ಕರಣೆಯಲ್ಲಿ 1397ಕ್ಕೆ ಸೇರಿದೆ. ಗರ್ಭಪಾತ ಮಾಡಿಸಿದವರಿಗೆ ಬಹಿಷ್ಕಾರ ತಾನಾಗಿಯೇ ತಗಲುತ್ತದೆ ಎಂದು ಅಲ್ಲಿದೆ, ನಿಜ. ಆದರೆ ಅದಕ್ಕೆ ಮೊದಲೇ 1323 ಮತ್ತು 1324ನೆಯ ವಿಧಿಗಳಿವೆ. ಹದಿನಾರು ತುಂಬದವರಿಗೆ ಯಾವ ದಂಡನೆಯೂ ಇಲ್ಲ. ಹದಿನೆಂಟು ತುಂಬದವರಿಗೆ ಈ ತಾನಾಗಿ ತಗಲುವ ದಂಡನೆ ತಗಲುವುದಿಲ್ಲ. ದೊಡ್ಡ ಭಯದ ಒತ್ತಡದಲ್ಲಿ ಮಾಡಿದವರಿಗೂ ತಗಲುವುದಿಲ್ಲ. ಇಂಥ ದಂಡನೆಯೊಂದು ಇದೆ ಎಂಬುದು ತನ್ನ ತಪ್ಪಿಲ್ಲದೆ ತಿಳಿಯದೇ ಇದ್ದವರಿಗೂ ತಗಲುವುದಿಲ್ಲ.

"ಪಾಪ ಬೇರೆ, ದಂಡನೆ ಬೇರೆ ತಾಯಿ" ಎಂದರು ಗುರುಗಳು. "ಪಾಪವನ್ನು ನಿವೇದಿಸಬೇಕು. ಅದನ್ನು ನಾನು ಇಲ್ಲವೆನ್ನುವುದಿಲ್ಲ. ಆದರೆ ನೀವು ಹೇಳುತ್ತಿರುವ ಹೆಣ್ಣುಮಗಳು ಬಹಿಷ್ಕೃತಳು ಎಂದು ಹೇಳುವ ಮೊದಲು ಅವಳನ್ನು ಯಾರಾದರೂ ಒಂದು ಮಾತು ಕೇಳಿದ್ದಾರೆಯೇ? ಅವಳಿಗೆ ಇದೆಲ್ಲ ಗೊತ್ತಿತ್ತೇ? ಯಾರ ಭಯವಿತ್ತು?"

ನಾನು ಇನ್ನೊಂದನ್ನು ಕೇಳಿದೆ. ಕರೆದುಕೊಂಡು ಹೋದ ಗಂಡನಿಗೆ, ಒತ್ತಾಯಿಸಿದವರಿಗೆ ಏನು? ಅವರು ಪುಟ ತಿರುಗಿಸಿ 1329ನೆಯ ವಿಧಿಯನ್ನು ತೋರಿಸಿದರು. ಯಾರ ಸಹಾಯವಿಲ್ಲದೆ ಆ ಕೆಲಸ ಆಗುತ್ತಿರಲಿಲ್ಲವೋ ಅವರಿಗೂ ಅದೇ ದಂಡನೆ. ನಮ್ಮ ವಾರ್ಡಿನಲ್ಲಿ ಯಾರೂ ಅವನ ಮನೆಬಾಗಿಲಿಗೆ ಹೋಗಿ "ನೀನು ಬಹಿಷ್ಕೃತ" ಎಂದು ಹೇಳಿರಲಿಲ್ಲ. ಆ ಭಾನುವಾರವೂ ಅವನು ಸಾಲಿನಲ್ಲಿ ನಿಂತು, ಪೂಜೆಯಲ್ಲಿ ಕೊಡುವ ಪವಿತ್ರ ರೊಟ್ಟಿಯಾದ ಪರಮಪ್ರಸಾದ ತೆಗೆದುಕೊಂಡಿದ್ದ. ಅವನ ಮೇಲೆ ಕಲ್ಲು ಬೀಳಲಿ ಎಂದು ನಾನಿದನ್ನು ಹೇಳುತ್ತಿಲ್ಲ. ಒಂದೇ ಮನೆಯಲ್ಲಿ ಇಬ್ಬರೂ ಸೇರಿ ಮಾಡಿದ ಕೆಲಸದ ಭಾರವನ್ನು ಒಬ್ಬಳ ತಲೆಯ ಮೇಲೆ ಹೊರಿಸಿದ್ದು ಅನ್ಯಾಯ, ಅದನ್ನು ಅನ್ಯಾಯವೆಂದೇ ಕರೆಯಬೇಕು.

ಬಿಷಪ್ಪರ ವಿಷಯವೂ ಹಳೆಯದಾಗಿತ್ತು. ಹಿಂದೆ ಅನೇಕ ಕಡೆ ಈ ಪಾಪದ ವಿಮೋಚನೆಗೆ ಬಿಷಪ್ಪರ ಅನುಮತಿ ಬೇಕಾಗುತ್ತಿತ್ತು. 2015ರ ಡಿಸೆಂಬರ್‌ನಲ್ಲಿ ಆರಂಭವಾದ ಕರುಣೆಯ ಜ್ಯೂಬಿಲಿ ವರ್ಷಕ್ಕೆ ಮಾತ್ರ ಎಂದು ಪೋಪ್ ಫ್ರಾನ್ಸಿಸ್ ಎಲ್ಲ ಗುರುಗಳಿಗೂ ಆ ಅಧಿಕಾರ ಕೊಟ್ಟರು. ಆ ವರ್ಷ ಮುಗಿದ ದಿನ, 2016ರ ನವೆಂಬರ್ 20ರಂದು ಬರೆದ ಪತ್ರದಲ್ಲಿ ಅದನ್ನು ಶಾಶ್ವತಗೊಳಿಸಿದರು. ಗರ್ಭಪಾತ ಘೋರ ಪಾಪವೆಂದು ಅದೇ ಪತ್ರದಲ್ಲಿ ಒತ್ತಿ ಹೇಳಿದ್ದಾರೆ; ಪಶ್ಚಾತ್ತಾಪಪಟ್ಟು ಬಂದ ಹೃದಯವನ್ನು ದೇವರ ಕರುಣೆ ತಲುಪಲಾರದಂಥ ಪಾಪ ಯಾವುದೂ ಇಲ್ಲವೆಂದೂ ಹೇಳಿದ್ದಾರೆ. ಪತ್ರ ಆರಂಭವಾಗುವುದು ಯೊವಾನ್ನನ ಶುಭಸಂದೇಶದ ಎಂಟನೆಯ ಅಧ್ಯಾಯದಿಂದ, ವ್ಯಭಿಚಾರದಲ್ಲಿ ಸಿಕ್ಕಿಬಿದ್ದ ಹೆಣ್ಣಿಗೆ ಕಲ್ಲೆಸೆಯಲು ಬಂದವರೆಲ್ಲ ಹೋದ ಮೇಲೆ ಯೇಸು ಮತ್ತು ಆ ಹೆಣ್ಣು ಇಬ್ಬರೇ ಉಳಿದ ಗಳಿಗೆಯಿಂದ. ಅದಕ್ಕೂ ಬಹಳ ಮೊದಲು, 1995ರಲ್ಲಿ, ಆಗಿನ ಪೋಪ್ ಎರಡನೇ ಜಾನ್ ಪಾಲ್ ಗರ್ಭಪಾತ ಮಾಡಿಸಿಕೊಂಡ ಹೆಂಗಸರನ್ನೇ ನೇರವಾಗಿ ಉದ್ದೇಶಿಸಿ ಬರೆದಿದ್ದರು: ನಿಮ್ಮ ಆ ನಿರ್ಧಾರದ ಹಿಂದೆ ಏನೇನಿದ್ದಿರಬಹುದೆಂದು ಧರ್ಮಸಭೆಗೆ ತಿಳಿದಿದೆ, ಎದೆಗುಂದಬೇಡಿ ಎಂದು. ಅಷ್ಟು ಮೇಲಿನಿಂದ ಹೊರಟ ಮಾತು ಇಷ್ಟು ವರ್ಷವಾದರೂ ನಮ್ಮ ವಾರ್ಡಿನ ಒಂದು ಶೀಟಿನ ಮನೆಯನ್ನು ತಲುಪಿರಲಿಲ್ಲ.

ಇದನ್ನೆಲ್ಲ ನಾನು ಅವಳಿಗೆ ಒಂದೇ ಸಲ ಹೇಳಲಿಲ್ಲ. ಹೇಳಿದ್ದರೂ ಕೇಳುವ ಸ್ಥಿತಿಯಲ್ಲಿ ಅವಳಿರಲಿಲ್ಲ. ಸಂಜೆ ಅವಳು ಕೆಲಸದಿಂದ ಬರುವ ಹೊತ್ತಿಗೆ ಹೋಗುತ್ತಿದ್ದೆ. ಸೊಪ್ಪು ಬಿಡಿಸುತ್ತಾ ಕೂರುತ್ತಿದ್ದೆವು. ಕೆಲವು ಸಲ ಆ ವಿಷಯವೇ ಬರುತ್ತಿರಲಿಲ್ಲ. ಬಂದಾಗ ಅವಳು ಅಳುತ್ತಿದ್ದಳು, ನಾನು ಅಡ್ಡ ಮಾತಾಡುತ್ತಿರಲಿಲ್ಲ. "ಇರಲಿ ಬಿಡು, ಆದದ್ದಾಯಿತು" ಎನ್ನುವವರನ್ನು ಕಂಡರೆ ಅವಳಿಗೆ ಆಗುತ್ತಿರಲಿಲ್ಲ. "ಏನೂ ಆಗಿಲ್ಲವೆಂದು ಹೇಳಬೇಡಿ ಅಕ್ಕಾ. ಆಗಿದೆ. ನನ್ನ ಮಗು ಹೋಗಿದೆ" ಎನ್ನುತ್ತಿದ್ದಳು. ಅದು ಪಾಪವೇ ಅಲ್ಲ ಎಂದು ಸಮಾಧಾನ ಮಾಡುವವರು ಅವಳ ದುಃಖವನ್ನು ಕಿತ್ತುಕೊಳ್ಳುತ್ತಿದ್ದರು, ಕ್ಷಮೆಯೇ ಇಲ್ಲ ಎನ್ನುವವರು ಅವಳ ದೇವರನ್ನು ಕಿತ್ತುಕೊಳ್ಳುತ್ತಿದ್ದರು. ಇಬ್ಬರ ನಡುವೆ ಅವಳಿಗೆ ಬಾಯಿ ಬಿಡುವ ಜಾಗವೇ ಇರಲಿಲ್ಲ.

ಪಾಪನಿವೇದನೆಗೆ ಅವಳು ನಮ್ಮ ಗುಡಿಗೆ ಬರಲು ಒಪ್ಪಲಿಲ್ಲ. ಗುರುತಿಲ್ಲದ ಗುರುಗಳು ಬೇಕು, ಕನ್ನಡ ತಿಳಿದವರು ಬೇಕು. ಶಿವಾಜಿನಗರದ ಸಂತ ಮರಿಯಮ್ಮನವರ ಬಸಿಲಿಕಾಕ್ಕೆ ಹೋಗೋಣ ಎಂದೆ. ಸೆಪ್ಟೆಂಬರ್ 8ರ ಹಬ್ಬಕ್ಕೆ ಚಿಕ್ಕಂದಿನಿಂದ ಬಂದ ಗುಡಿ, ಅಮ್ಮನಿಗೆ ಕಾವಿ ಸೀರೆ ಉಟ್ಟು ಹರಕೆ ತೀರಿಸಿದ ಗುಡಿ. ಅಲ್ಲಿ ದಿನವೂ ಸಾವಿರ ಜನ ಬಂದು ಹೋಗುತ್ತಾರೆ, ಯಾರೂ ಯಾರನ್ನೂ ನೋಡುವುದಿಲ್ಲ. ಮಾರುಕಟ್ಟೆಯ ಗದ್ದಲ ದಾಟಿ ಒಳಗೆ ಹೋಗಿ ಕುಳಿತೆವು. ಅವಳು ಎದ್ದು ಸಾಲಿನಲ್ಲಿ ನಿಂತಳು, ತನ್ನ ಸರದಿ ಬರುವಷ್ಟರಲ್ಲಿ ಹಿಂದಿರುಗಿ ನನ್ನ ಪಕ್ಕ ಕುಳಿತಳು. ಮತ್ತೆ ಎದ್ದಳು, ಮತ್ತೆ ಬಂದಳು. ನಾನು ಹೋಗು ಎನ್ನಲಿಲ್ಲ, ಬೇಡ ಎನ್ನಲಿಲ್ಲ. ಕೊನೆಗೆ ಎಲ್ಲರೂ ಹೋದ ಮೇಲೆ ಒಳಗೆ ಹೋದಳು.

ಒಳಗೆ ಏನು ನಡೆಯಿತೆಂಬುದು ಅವಳದು, ದೇವರದು. ಪಾಪನಿವೇದನೆಯ ಗುಟ್ಟನ್ನು ಗುರುಗಳು ಪ್ರಾಣ ಹೋದರೂ ಬಿಡುವಂತಿಲ್ಲ. ನೇರವಾಗಿ ಬಿಟ್ಟರೆ ಅವರೇ ಬಹಿಷ್ಕೃತರಾಗುತ್ತಾರೆ. ಅವಳು ತಾನಾಗಿ ಹೇಳಿದ್ದು ಎರಡು ಮಾತು. ಅವಳು ಹೇಳಿ ಮುಗಿಸಿದ ಮೇಲೆ ಗುರುಗಳು ಕೇಳಿದ ಮೊದಲ ಪ್ರಶ್ನೆ, "ಈಗ ನಿನ್ನ ಆರೋಗ್ಯ ಹೇಗಿದೆಯಮ್ಮ?" ಎಂದು. ಪ್ರಾಯಶ್ಚಿತ್ತಕ್ಕೆ ಕೊಟ್ಟದ್ದು, ರಾತ್ರಿ ಮಲಗುವ ಮೊದಲು ಇಬ್ಬರು ಹೆಣ್ಣುಮಕ್ಕಳ ತಲೆಯ ಮೇಲೆ ಕೈಯಿಟ್ಟು ಆಶೀರ್ವದಿಸಬೇಕು ಎಂದು. ಆ ಗುರುಗಳು ಯಾರೆಂದು ನನಗೆ ಗೊತ್ತಿಲ್ಲ. ಅವರಿಗಾಗಿ ನಾನು ಪ್ರತಿದಿನ ಒಂದು ಜಪಸರ ಹೇಳುತ್ತೇನೆ.

ಅದೇ ಗುಡಿಯಲ್ಲಿ ಮುಂದಿನ ಪೂಜೆಗೆ ಕುಳಿತೆವು. ಪರಮಪ್ರಸಾದದ ಸಾಲಿಗೆ ಅವಳು ನನಗಿಂತ ಮುಂದೆ ಹೋಗಿ ನಿಂತಳು.

ಅಲ್ಲಿಗೆ ಎಲ್ಲ ಮುಗಿಯಿತು ಎಂದುಕೊಳ್ಳಬಾರದು. ಮನೆಗೆ ಬರುವಾಗ ಬಸ್ಸಿನಲ್ಲಿ ಕೇಳಿದಳು: "ಆ ಮಗು ಎಲ್ಲಿದೆ ಅಕ್ಕಾ? ಜ್ಞಾನಸ್ನಾನ ಆಗಲಿಲ್ಲವಲ್ಲ." ಹಳಬರು ಜ್ಞಾನಸ್ನಾನವಿಲ್ಲದ ಶಿಶುಗಳು ಸ್ವರ್ಗದ ಹೊಸ್ತಿಲಲ್ಲಿ ಎಲ್ಲೋ ನಿಲ್ಲುತ್ತವೆ ಎನ್ನುತ್ತಿದ್ದರು. ಧರ್ಮಸಭೆ ಅದನ್ನು ಎಂದೂ ವಿಶ್ವಾಸದ ಸತ್ಯವೆಂದು ಸಾರಿಲ್ಲ. ಅಂಥ ಶಿಶುಗಳನ್ನು ದೇವರ ಕರುಣೆಗೆ ಒಪ್ಪಿಸುತ್ತದೆ. 2007ರಲ್ಲಿ ವ್ಯಾಟಿಕನ್ನಿನ ದೈವಶಾಸ್ತ್ರ ಆಯೋಗ, ಆ ಮಕ್ಕಳು ದೇವರನ್ನು ಸೇರುತ್ತಾರೆ ಎಂದು ನಿರೀಕ್ಷಿಸಲು ಬಲವಾದ ಕಾರಣಗಳಿವೆ ಎಂದು ಬರೆಯಿತು. ನನಗೆ ತಿಳಿದಷ್ಟನ್ನು ಹೇಳಿದೆ. ನವೆಂಬರ್ 2ರಂದು, ಸತ್ತವರನ್ನು ನೆನೆಯುವ ದಿನ, ಹೊಸೂರು ರಸ್ತೆಯ ಕ್ರೈಸ್ತ ಸ್ಮಶಾನಕ್ಕೆ ಹೋದೆವು. ನನ್ನ ತಾಯಿಯ ಸಮಾಧಿಗೆ ಹೂ ಹಾಕಿದ ಮೇಲೆ, ಸಮಾಧಿಯಿಲ್ಲದ ಮಗುವಿಗಾಗಿ ಅವಳೊಂದು ಮೇಣದಬತ್ತಿ ಹಚ್ಚಿದಳು. ಮಗುವಿಗೆ ಹೆಸರಿಟ್ಟಿದ್ದಾಳೆ. ಅದನ್ನು ಇಲ್ಲಿ ಬರೆಯುವುದು ಬೇಡವೆಂದಿದ್ದಾಳೆ.

ಗಂಡನ ಜೊತೆ ನಮ್ಮ ಗುರುಗಳೇ ಮಾತಾಡಿದರು. ಅವನು ತಲೆ ತಗ್ಗಿಸಿ ಕೇಳಿದ. ಪಾಪನಿವೇದನೆಗೆ ಇನ್ನೂ ಹೋಗಿಲ್ಲ. ಆದರೆ ಅವಳ ಎದುರು ಅವನ ತಾಯಿ ಆ ವಿಷಯ ಎತ್ತಿದರೆ ಈಗ ತಡೆಯುತ್ತಾನೆ. ಅವನಿಗೂ ಸಮಯ ಬೇಕು.

ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದಲ್ಲಿ ವಾರ್ಡಿನ ಕೂಟ ನಮ್ಮ ಮನೆಯಲ್ಲಿ ನಡೆದಾಗ, ಅವಳ ಹೆಸರೆತ್ತದೆ, ಈ ಕಾನೂನನ್ನೂ ಪೋಪರ ಪತ್ರವನ್ನೂ ಓದಿ ವಿವರಿಸಿದೆ. ಆ ಹಿರಿಯರು ಸುಮ್ಮನಿರಲಿಲ್ಲ. "ಹೀಗೆ ಕರುಣೆ ಕರುಣೆ ಎಂದರೆ ನಾಳೆ ಇನ್ನೊಬ್ಬಳಿಗೂ ಧೈರ್ಯ ಬರುತ್ತದೆ" ಎಂದರು. ಗೌರವದಿಂದಲೇ ಉತ್ತರ ಕೊಟ್ಟೆ. "ಅಮ್ಮಾ, ಅವಳು ಮಾತ್ರೆ ನುಂಗುವ ಮೊದಲು ನಮ್ಮ ಯಾರ ಮನೆಯ ಬಾಗಿಲನ್ನೂ ಏಕೆ ತಟ್ಟಲಿಲ್ಲ? ತಟ್ಟಿದರೆ ನಾವು ಏನನ್ನುತ್ತೇವೆಂದು ಅವಳಿಗೆ ಗೊತ್ತಿತ್ತು. ನಮ್ಮ ಬಾಯಿಗೆ ಹೆದರಿದವಳು ನಮ್ಮ ಹತ್ತಿರ ಸಹಾಯ ಕೇಳುವುದಿಲ್ಲ. ಆ ಮಗು ಉಳಿಯಬೇಕಿದ್ದರೆ ಅವಳು ಅಂದೇ ನಮ್ಮ ಹತ್ತಿರ ಬರಬೇಕಿತ್ತು." ಅವರು ಬಹಳ ಹೊತ್ತು ಏನೂ ಹೇಳಲಿಲ್ಲ. ಹೋಗುವಾಗ, "ಹೆರಿಗೆಗೆ ಖರ್ಚಿಲ್ಲದವರು ಯಾರಾದರೂ ಇದ್ದರೆ ನನಗೆ ಹೇಳು" ಎಂದರು.

ಹಾಗೆ ಶುರುವಾಯಿತು. ದೊಡ್ಡ ಸಂಸ್ಥೆಯೇನಲ್ಲ, ಬೋರ್ಡೂ ಇಲ್ಲ. ಸಾಲದ ಕಂತಿಗೆ ಹೆದರಿ ಬಸುರಿಯೊಬ್ಬಳು ಕಂಗೆಟ್ಟರೆ ಆ ಕಂತಿನ ಹಣ ಹೊಂದಿಸುವುದು, ತಪಾಸಣೆಗೆ ಜೊತೆಗೆ ಹೋಗುವುದು, ಹೆತ್ತ ಮಗುವನ್ನು ಸಾಕಲಾರೆ ಎಂದರೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಒಪ್ಪಿಸುವ ಕ್ರಮವನ್ನು, ಒಪ್ಪಿಸಿದ ಮೇಲೂ ಮನಸ್ಸು ಬದಲಿಸಲು ಅರವತ್ತು ದಿನ ಇರುವುದನ್ನು ತಿಳಿಸುವುದು. ಗರ್ಭಪಾತ ಮಾಡಿಸಿಕೊಂಡೇ ಬಂದವಳಿದ್ದರೆ ಅವಳ ಬಳಿ ಕೂರುವುದು. ಈ ಕೊನೆಯ ಕೆಲಸ ಈಗ ಹೆಚ್ಚಾಗಿ ಅವಳದೇ. ನನಗಿಂತ ಚೆನ್ನಾಗಿ ಮಾಡುತ್ತಾಳೆ. ಬಂದವರು ನನ್ನೆದುರು ಹೇಳದ್ದನ್ನು ಅವಳೆದುರು ಹೇಳುತ್ತಾರೆ.

ಸದ್ಯ ನಮ್ಮ ಬಳಿ ಇರುವುದು ಮದುವೆಯಾಗದ ಒಬ್ಬ ಹುಡುಗಿ. ಊರಿಗೆ ಹೋಗುವಂತಿಲ್ಲ, ಪಿಜಿಯವರು ಖಾಲಿ ಮಾಡಿಸಿದ್ದಾರೆ. ಮಗುವನ್ನು ಹೆರುತ್ತೇನೆ ಎಂದು ತಾನೇ ನಿರ್ಧರಿಸಿದ್ದಾಳೆ. ಮುಂದಿನ ತಿಂಗಳು ಎಂಟು ತುಂಬುತ್ತದೆ, ಮೆಟ್ಟಿಲು ಹತ್ತಲು ಕಷ್ಟ. ಯಶವಂತಪುರದ ಸುತ್ತಮುತ್ತ ನೆಲಮಹಡಿಯಲ್ಲಿ ಒಂದು ಕೋಣೆಯ ಮನೆ ಹುಡುಕುತ್ತಿದ್ದೇವೆ. ಅಡ್ವಾನ್ಸ್ ಹಣ ಅರ್ಧ ಸೇರಿದೆ. ಗಂಡ ಎಲ್ಲಿ ಎಂದು ಕೇಳದ ಮನೆಯೊಡೆಯರು ಇನ್ನೂ ಸಿಕ್ಕಿಲ್ಲ. ಈ ಭಾನುವಾರ ಪೂಜೆ ಮುಗಿಸಿ ಮತ್ತೆ ಇಬ್ಬರೂ ಹೊರಡುತ್ತೇವೆ.